ಎಡಗಲ್ಲದ ಎಲೆ

ಜೇವರ್ಗಿ ತಾಲೂಕಿನಲ್ಲಿ ಜೇನುಮೇಣ ಕಾಯಿಸಿ ಚಿತ್ರ ಬರೆಯುವವರ ಸಂಖ್ಯೆ ಬಹಳ ವರ್ಷ ಒಂದೇ ಇತ್ತು. ಆ ಒಬ್ಬ ನಾನು. ಹೀಗಾಗಿ ತಾಲೂಕಿನ ಅತ್ಯುತ್ತಮ ಮೇಣದ ಚಿತ್ರಕಾರ ಎಂಬ ಪಟ್ಟವೂ ಅತ್ಯಂತ ಕಳಪೆ ಮೇಣದ ಚಿತ್ರಕಾರ ಎಂಬ ಪಟ್ಟವೂ ಏಕಕಾಲಕ್ಕೆ ನನಗೇ ಸಲ್ಲುತ್ತಿದ್ದವು. ಎರಡನ್ನೂ ಸಮಚಿತ್ತದಿಂದ ಹೊತ್ತುಕೊಂಡು ಓಡಾಡುತ್ತಿದ್ದೆ.

ಸರಕಾರ ನನ್ನನ್ನು ಹೈಸ್ಕೂಲಿನ ಡ್ರಾಯಿಂಗ್ ಮಾಸ್ತರನನ್ನಾಗಿ ನೇಮಿಸಿದ್ದು ಮಕ್ಕಳಿಗೆ ಮಾವಿನಹಣ್ಣು, ಹೂಜಿ ಮತ್ತು ರಾಷ್ಟ್ರಧ್ವಜ ಬರೆಯಲು ಕಲಿಸುವುದಕ್ಕೆ. ಅದನ್ನು ನಿಷ್ಠೆಯಿಂದ ಮಾಡಿ ನಿವೃತ್ತನಾದೆ. ಮೇಣ ಮಾತ್ರ ನನ್ನ ಸ್ವಂತದ್ದು. ವಿದ್ಯೆ ಹೇಳುವುದಕ್ಕೆ ಸರಳ. ಜೇನುಮೇಣ ಕರಗಿಸಿ, ಸ್ವಲ್ಪ ರಾಳ ಸೇರಿಸಿ, ಬಣ್ಣದ ಪುಡಿ ಕಲಸಿ, ಬಿಸಿ ಇರುವಾಗಲೇ ಮರದ ಹಲಗೆಗೆ ಹಚ್ಚಬೇಕು. ಕುಂಚ ಹಲಗೆ ಮುಟ್ಟುವಷ್ಟರಲ್ಲಿ ಮೇಣ ಗಟ್ಟಿಯಾಗಿರುತ್ತದೆ. ಆಮೇಲೆ ಆ ಪದರಕ್ಕೆ ಮತ್ತೆ ಬಿಸಿ ತೋರಿಸಿ ಕೆಳಗಿನ ಪದರದೊಂದಿಗೆ ಬೆಸೆಯಬೇಕು. ಬಿಸಿ ಕಡಿಮೆಯಾದರೆ ಪದರ ಉಳ್ಳಾಗಡ್ಡಿಯ ಸಿಪ್ಪೆಯಂತೆ ಏಳುತ್ತದೆ. ಹೆಚ್ಚಾದರೆ ಮೂಗು ಬಾಯಿಗೆ ಇಳಿಯುತ್ತದೆ. ತಿಳಿದವರು ಇದಕ್ಕೆ ಎನ್‌ಕಾಸ್ಟಿಕ್ ಎನ್ನುತ್ತಾರೆ. ನಮ್ಮ ಮನೆಯಾಕೆ ಇದಕ್ಕೆ ‘ನನ್ನ ರೊಟ್ಟಿ ಹಂಚು ಕೆಡಿಸೂ ದಂಧಾ’ ಎನ್ನುತ್ತಾಳೆ. ಆಕೆಯ ವ್ಯಾಖ್ಯಾನವೂ ತಪ್ಪಲ್ಲ. ಮೊದಮೊದಲು ಮೇಣ ಕಾಯಿಸಿದ್ದು ಆಕೆಯ ಹಂಚಿನ ಮೇಲೆಯೇ.

ಚಹಾದಂಗಡಿಯಲ್ಲಿ ಕುಳಿತವರು ಕೇಳುತ್ತಿದ್ದ ಪ್ರಶ್ನೆ ಒಂದೇ. “ಮಾಸ್ತರ್ರ, ಜೇವರ್ಗಿ ಬಿಸಿಲಾಗ ಮನಷ್ಯಾರೇ ಕರಗ್ತಾರ. ನಿಮ್ಮ ಮ್ಯಾಣ ಹೆಂಗ ಉಳೀತದ್ರಿ?” ಆಗ ನಾನು ಈಜಿಪ್ತಿನ ಕಥೆ ತೆಗೆಯುತ್ತಿದ್ದೆ. ಅಲ್ಲಿ ಎರಡು ಸಾವಿರ ವರ್ಷದ ಹಿಂದೆ ಸತ್ತವರ ಮುಖಗಳನ್ನು ಮೇಣದಲ್ಲಿ ಬರೆದು ಹೆಣದ ಜೊತೆ ಇಟ್ಟಿದ್ದರು; ಮರುಭೂಮಿಯ ಸೆಕೆ ತಡೆದು ಆ ಮುಖಗಳು ಇವತ್ತಿಗೂ ಕಣ್ಣು ಬಿಟ್ಟು ನೋಡುತ್ತಿವೆ. ಕಥೆ ಮುಗಿಯುವಷ್ಟರಲ್ಲಿ ಕೇಳಿದವರು ಎದ್ದು ಹೋಗಿರುತ್ತಿದ್ದರು. ಬಿಸಿಲಿನ ಈ ಪ್ರಶ್ನೆಗೆ ಉತ್ತರಿಸಿ ಉತ್ತರಿಸಿ, ಮೇಣದ ಚಿತ್ರಕ್ಕೆ ಭೂಮಂಡಲದಲ್ಲಿರುವ ಏಕೈಕ ವೈರಿ ಸೂರ್ಯ ಎಂದು ನಾನೇ ನಂಬಿಬಿಟ್ಟಿದ್ದೆ. ಇದರ ಫಲವನ್ನು ಮುಂದೆ ಉಂಡೆ.

ನಿವೃತ್ತಿಯ ನಂತರ ಅಫಜಲಪುರದ ಒಂದು ಶಾಲೆಯವರು ರವಿವಾರ ಒಂದು ಕೋಣೆ ಬಿಟ್ಟುಕೊಟ್ಟರು. ಅಲ್ಲಿ ಮೇಣದ ವರ್ಗ ಶುರು ಮಾಡಿದೆ. ಮೊದಲ ರವಿವಾರ ಏಳು ಮಂದಿ ಬಂದರು. ಅದರಲ್ಲಿ ಮೂವರು ಮೇಣದಬತ್ತಿ ಮಾಡುವುದನ್ನು ಕಲಿಸುತ್ತಾರೆಂದು ತಿಳಿದು ಬಂದವರು. ಉಳಿದ ನಾಲ್ವರೆದುರು ಪದರ ಬೆಸೆಯುವ ಪ್ರಾತ್ಯಕ್ಷಿಕೆಗೆ ಅಣಿಯಾದೆ. ನನ್ನ ಕರೆಂಟಿನ ಇಸ್ತ್ರಿ ಪೆಟ್ಟಿಗೆ ಚಟ್ ಎಂದು ಒಂದು ಶಬ್ದ ಮಾಡಿ ಪ್ರಾಣ ಬಿಟ್ಟಿತು.

ಶಾಲೆಯ ಗೋಡೆಗೆ ಆನಿಕೊಂಡೇ ಒಂದು ಇಸ್ತ್ರಿ ಅಂಗಡಿ ಇತ್ತು. ಅದನ್ನು ನಡೆಸುತ್ತಿದ್ದವಳು ಮೂವತ್ತರ ಆಚೀಚಿನ ಹೆಣ್ಣುಮಗಳು. ಹೋಗಿ, ಅವಳ ಇದ್ದಲಿನ ಪೆಟ್ಟಿಗೆಯನ್ನು ಅರ್ಧ ತಾಸು ಕೊಡು ಎಂದು ಕೇಳಿದೆ.

“ನನ್ನ ಪೆಟ್ಟಿಗಿ ಬ್ಯಾರೇದವರ ಕೈಗೆ ಕೊಡಂಗಿಲ್ರಿ,” ಎಂದಳು. “ಏನ್ ಇಸ್ತ್ರಿ ಮಾಡೂದದ ಹೇಳ್ರಿ, ನಾನೇ ಬರ್ತೇನಿ.”

“ಒಂದು ಕುದುರಿ.”

ಅವಳು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಆದರೂ ಬಂದಳು. ಬಾಗಿಲ ಹೊರಗೆ ನಿಂತು ಪೆಟ್ಟಿಗೆಯ ಬೂದಿ ಊದಿದಳು, ಒಳಗೆ ಬಂದು ಹಲಗೆಯ ಮೇಲಿನ ಮೇಣದ ಕುದುರೆಯನ್ನು ನೋಡಿದಳು. ಎಷ್ಟು ಡಿಗ್ರಿ ಬಿಸಿ ಬೇಕು ಎಂದು ನಾನು ಉಪನ್ಯಾಸ ಆರಂಭಿಸುವುದರೊಳಗೆ, ಬೆರಳು ನೀರಿನಲ್ಲಿ ಅದ್ದಿ ಪೆಟ್ಟಿಗೆಯ ತಳಕ್ಕೆ ಒಂದು ಹನಿ ಚಿಮ್ಮಿಸಿ, ಆ ಸದ್ದು ಕೇಳಿ ತಲೆಯಾಡಿಸಿದಳು. ಪೆಟ್ಟಿಗೆಯನ್ನು ಮೇಣಕ್ಕೆ ತಾಗಿಸಲೇ ಇಲ್ಲ. ಒಂದು ಬೆರಳಿನಷ್ಟು ಮೇಲೆ ಹಿಡಿದು ಹಾಗೇ ತೇಲಿಸಿಕೊಂಡು ಹೋದಳು. ಕುದುರೆಯ ಮೈ ಒಮ್ಮೆ ಬೆವೆತಂತೆ ಹೊಳೆದು, ಮರುಗಳಿಗೆ ಹಲಗೆಯೊಳಗಿಂದಲೇ ಹುಟ್ಟಿದಂತೆ ಕುಳಿತುಬಿಟ್ಟಿತು. ನನ್ನ ಕುದುರೆಗಳು ಅಷ್ಟು ಚೆನ್ನಾಗಿ ಯಾವತ್ತೂ ಕುಳಿತಿರಲಿಲ್ಲ.

“ಇದ್ಯಾವ ಪದ್ಧತಿ ತಂಗಿ?” ಎಂದೆ.

“ಜರಿ ಸೀರಿಗಿ ಹಿಂಗೇ ಮಾಡ್ತೇವ್ರಿ ಸರ. ಜರಿ ಮುಟ್ಟಿದ್ರ ಸುಡತದ, ಮುಟ್ಟಲಿಲ್ಲಂದ್ರ ಸುಕ್ಕು ಹೋಗಂಗಿಲ್ಲ.”

ಮುಂದಿನ ರವಿವಾರ ಅವಳು ಕರೆಯದೆ ಬಂದಳು, ಕಡೆಯ ಬೆಂಚಿನಲ್ಲಿ ಕುಳಿತಳು. ಉಳಿದವರು ಒಬ್ಬೊಬ್ಬರಾಗಿ ಲಗ್ನ, ಬಿತ್ತನೆ, ಪರೀಕ್ಷೆ ಎಂದು ಉದುರಿದರು. ಎರಡನೆಯ ವರ್ಷದ ಹೊತ್ತಿಗೆ ಇಡೀ ವರ್ಗ ಅವಳೊಬ್ಬಳೇ. ಒಬ್ಬಳೇ ಇದ್ದರೂ ಹಾಜರಿ ಕರೆಯುವುದನ್ನು ನಾನು ಬಿಡಲಿಲ್ಲ. ಅವಳೂ ಎದ್ದು ನಿಂತು “ಹಾಜರ್ ಸರ” ಎನ್ನುವುದನ್ನು ಬಿಡಲಿಲ್ಲ.

ಗೆರೆ ನಾನು ಕಲಿಸಿದೆ, ನೆರಳು ನಾನು ಕಲಿಸಿದೆ, ಬಣ್ಣದ ಮೇಲೆ ಬಣ್ಣ ಹಚ್ಚಿ ಚರ್ಮದ ಒಳಗಿನ ರಕ್ತ ಕಾಣುವಂತೆ ಮಾಡುವುದನ್ನೂ ನಾನೇ ಕಲಿಸಿದೆ. ಬಿಸಿಯನ್ನು ಮಾತ್ರ ಕಲಿಸಲು ಹೋಗಲಿಲ್ಲ. ಆ ವಿಷಯದಲ್ಲಿ ಅವಳ ಹನಿ ನೀರಿನ ಮುಂದೆ ನನ್ನ ಉಷ್ಣಮಾಪಕ ಸುಮ್ಮನೆ ಗಾಜಿನ ಕೊಳವೆ.

ಹೀಗಿರುವಾಗ ಆಳಂದದ ತೊಗರಿ ವ್ಯಾಪಾರಿಯೊಬ್ಬರು ಬಂದರು. ಅವರ ತಾಯಿ ತೀರಿ ವರ್ಷವಾಗುತ್ತ ಬಂದಿತ್ತು. ಪುಣ್ಯಸ್ಮರಣೆಯ ದಿನ ಪಡಸಾಲೆಯಲ್ಲಿ ಅವ್ವನ ದೊಡ್ಡ ಚಿತ್ರ ಅನಾವರಣವಾಗಬೇಕು, ನೂರು ವರ್ಷ ಬಾಳಬೇಕು. ನಾನು ಈಜಿಪ್ತಿನ ಕಥೆ ಹೇಳಿದೆ. ಜೀವನದಲ್ಲಿ ಮೊದಲ ಸಲ ಒಬ್ಬರು ಅದನ್ನು ಪೂರ್ತಿ ಕೇಳಿದರು. ಆ ಸಂತೋಷದಲ್ಲಿ, ನನ್ನ ಕಣ್ಣು ಈಗ ಮಂಜು, ಚಿತ್ರವನ್ನು ಇಸ್ತ್ರಿ ಅಂಗಡಿ ನಡೆಸುವ ನನ್ನ ಶಿಷ್ಯೆ ಬರೆಯುತ್ತಾಳೆ ಎಂದು ಹೇಳಿಬಿಟ್ಟೆ. ಅವರಿಗೆ ಅಷ್ಟೇನೂ ರುಚಿಸಲಿಲ್ಲ. “ಆ ಇಸ್ತ್ರಿ ಹೆಣ್ಮಗಳೇನ್ರಿ?” ಎಂದರು. “ಹೌದು, ಅವಳೇ,” ಎಂದೆ. “ಬರೀಲಿ. ಆದ್ರ ಫೋಟೊದಾಗ ಹೆಂಗದ ಹಂಗೇ ಇರಬೇಕ್ರಿ,” ಎಂದು ಗುರುತಿನ ಚೀಟಿಗೆ ತೆಗೆಸಿದ ಒಂದು ಫೋಟೊ ಕೊಟ್ಟು ಹೋದರು. ಅವ್ವನ ಫೋಟೊ ಅಂತ ಮನೆಯಲ್ಲಿದ್ದದ್ದು ಅದೊಂದೇ.

ಅವಳಿಗೆ ಇದು ಮೊದಲ ಹೊರಗಿನ ಕೆಲಸ. ಅಂಗಡಿಗೆ ಹೊಂದಿಕೊಂಡು ಒಂದು ಖಾಲಿ ಕೋಣೆ ಇತ್ತು. ಅದನ್ನು ಚಿತ್ರದ ಕೋಣೆ ಮಾಡಬೇಕೆಂಬ ಆಸೆ ಅವಳಿಗೆ ಬಹಳ ದಿನದಿಂದ. ಮನೆಯವರ ಮುಂದೆ ತನಗೇ ಒಂದು ಷರತ್ತು ಹಾಕಿಕೊಂಡಳು. “ಸರ, ಈ ಅವ್ವ ಗ್ವಾಡಿ ಮ್ಯಾಲ ನಿಂತ್ಲು ಅಂದ್ರ ನಾ ಚಿತ್ರದಾಕಿ. ನಿಂದ್ರಲಿಲ್ಲ ಅಂದ್ರ ಇಸ್ತ್ರಿದಾಕಿ. ಮತ್ತ ಕುಂಚ ಹಿಡಿಯಂಗಿಲ್ಲ.” ನನಗೆ ಅವಳ ಹಟ ಗೊತ್ತಿತ್ತು. ಹಿಡಿಯುವುದಿಲ್ಲ ಎಂದರೆ ಹಿಡಿಯುವವಳಲ್ಲ.

ಮೂರು ತಿಂಗಳು ಬರೆದಳು. ಚಿತ್ರ ಫೋಟೊದಲ್ಲಿದ್ದಂತೆಯೇ ಬಂತು: ಬಿಗಿದ ತುಟಿ, ದಿಟ್ಟಿಸುವ ಕಣ್ಣು, ಸೆರಗು, ಮೂಗಿನ ನತ್ತು. ತಲುಪಿಸುವಾಗ ನಾನು ಅದರೊಂದಿಗೆ ಹನ್ನೊಂದು ನಿಯಮಗಳ ಒಂದು ಸೂಚನಾಪತ್ರ ಬರೆದು ಲಗತ್ತಿಸಿದೆ. ‘ಸದರಿ ಚಿತ್ರವನ್ನು ನೇರ ಬಿಸಿಲಿಗೆ ಇಡತಕ್ಕದ್ದಲ್ಲ. ಸದರಿ ಚಿತ್ರವನ್ನು ಬಿಸಿಲು ಬೀಳುವ ಗೋಡೆಗೆ ತೂಗುಹಾಕತಕ್ಕದ್ದಲ್ಲ. ಸದರಿ ಚಿತ್ರವನ್ನು ಬಿಸಿಲಿನಲ್ಲಿ ನಿಂತ ಗಾಡಿಯೊಳಗೆ ಬಿಡತಕ್ಕದ್ದಲ್ಲ. ಚಳಿಗಾಲದಲ್ಲಿ ಬೂದಿಯಂಥ ಮಸುಕು ಕಂಡಲ್ಲಿ ಗಾಬರಿಯಾಗದೆ ಹಳೆಯ ಧೋತರದಿಂದ ಮೃದುವಾಗಿ ತಿಕ್ಕತಕ್ಕದ್ದು.’ ಇತ್ಯಾದಿ. ಕೆಳಗೆ ಸಹಿ, ದಿನಾಂಕ, ‘ನಿವೃತ್ತ ಚಿತ್ರಕಲಾ ಶಿಕ್ಷಕರು’ ಎಂಬ ರಬ್ಬರ್ ಮುದ್ರೆ.

ಚಿತ್ರ ಗೋಡೆಯ ಮೇಲೆ ನೆಟ್ಟಗಿದ್ದದ್ದು ನಾಲ್ಕು ದಿನ. ಐದನೆಯ ದಿನ ಮುಂಜಾನೆ ವ್ಯಾಪಾರಿಯ ಫೋನು ಬಂತು.

“ಮಾಸ್ತರ್ರ, ನಮ್ಮವ್ವ ಕರಗ್ಯಾಳ್ರಿ.”

ಮರುದಿನ ಹನ್ನೊಂದಕ್ಕೆ ಅನಾವರಣ. ನಾನು ಅಫಜಲಪುರಕ್ಕೆ ಫೋನು ಮಾಡಿದೆ. ಅವಳು “ಮುಖ ಎಷ್ಟು ಹೋಗ್ಯಾದ್ರಿ?” ಎಂದು ಮಾತ್ರ ಕೇಳಿದಳು. ಕಲಬುರಗಿ ಬಸ್ ಸ್ಟ್ಯಾಂಡಿನಲ್ಲಿ ಕೂಡಿ, ಆಳಂದದ ಬಸ್ಸು ಹಿಡಿದು, ಮಧ್ಯಾಹ್ನದ ಹೊತ್ತಿಗೆ ಆ ಮನೆ ಮುಟ್ಟಿದೆವು.

ಪಡಸಾಲೆಯಲ್ಲಿ ಅವ್ವ ಇದ್ದರು. ಹಣೆ, ಕಣ್ಣು, ಮೂಗು ಸರಿಯಾಗಿದ್ದವು. ಮೂಗಿನ ಕೆಳಗೆ ಬಾಯಿ ಗದ್ದದ ಕಡೆಗೆ ಹೊರಟಿತ್ತು, ಎಡಗಲ್ಲ ಜಾರಿ ಕೊರಳಿನ ಸರದ ಮೇಲೆ ಕುಳಿತಿತ್ತು. ಗದ್ದದಲ್ಲಿ ಯಾರದೋ ಹೆಬ್ಬೆರಳಿನ ಅಚ್ಚು ಸ್ಪಷ್ಟವಾಗಿ ಮೂಡಿತ್ತು. ಚಿತ್ರದ ನೇರ ಕೆಳಗೆ ಗೋಡೆಯ ಗೂಡಿನಲ್ಲಿ ಹಿತ್ತಾಳೆಯ ದೀಪ. ಅದರಲ್ಲಿ ಕಿರುಬೆರಳಿನಷ್ಟು ದಪ್ಪ ಬತ್ತಿ.

ಸತ್ತ ಹಿರಿಯರ ಪಟದ ಮುಂದೆ ದೀಪ ಹಚ್ಚದ ಮನೆ ನಮ್ಮ ಸೀಮೆಯಲ್ಲಿ ಇದೆಯೇ? ನನ್ನ ತಂದೆಯ ಪಟದ ಮುಂದೆ ನಾನೇ ದಿನಾ ಹಚ್ಚುತ್ತೇನೆ. ಈಜಿಪ್ತಿನವರ ಚಿತ್ರಗಳು ಎರಡು ಸಾವಿರ ವರ್ಷ ಕತ್ತಲೆಯ ಗೋರಿಯಲ್ಲಿದ್ದವು, ಅವಕ್ಕೆ ದಿನಾ ದೀಪ ಹಚ್ಚಲು ಸೊಸೆ ಇರಲಿಲ್ಲ ಎಂಬ ಸಣ್ಣ ಸಂಗತಿ ನನಗೆ ಹೊಳೆದದ್ದು ಅಲ್ಲಿ, ಆ ಗೂಡಿನ ಮುಂದೆ.

ವ್ಯಾಪಾರಿ ನನ್ನ ಸೂಚನಾಪತ್ರ ಹಿಡಿದು ನಿಂತಿದ್ದರು. “ಹನ್ನೊಂದೂ ಓದೇನ್ರಿ ಮಾಸ್ತರ್ರ. ಬಿಸಲು ಆರು ಕಡಿ ಅದ. ದೀಪ ಅಂತ ಎಲ್ಲದ ತೋರಿಸ್ರಿ.”

ತೋರಿಸಲು ಸಾಧ್ಯವಿರಲಿಲ್ಲ. ಅವರು ಹೆಂಡತಿಯ ಕಡೆ ತಿರುಗಿದರು. “ಇವಳಿಗರ ತಿಳೀಬಾರ್ದೇನ್ರಿ? ಅಷ್ಟು ದಪ್ಪ ಬತ್ತಿ! ಮ್ಯಾಲ ಇಳದ ಮ್ಯಾಣ ಸರಿ ಮಾಡ್ತೇನಂತ ಬೆಣ್ಣಿ ಒತ್ತಿದಂಗ ಒತ್ಯಾಳ!” ಆ ಹೆಣ್ಣುಮಗಳು ಸೆರಗು ಬಾಯಿಗೆ ಒತ್ತಿಕೊಂಡು ಬಾಗಿಲ ಮರೆಯಲ್ಲಿ ನಿಂತಿದ್ದಳು. ಹೆಬ್ಬೆರಳಿನ ಅಚ್ಚು ಯಾರದೆಂದು ತಿಳಿಯಿತು.

“ತಪ್ಪು ನನ್ನದು. ಅದು ಬರವಣಿಗೆಯಲ್ಲಿ ಬರಬೇಕಿತ್ತು,” ಎಂದೆ. ಸೇವಾವಧಿಯಲ್ಲಿ ನಾನು ಇಷ್ಟು ನೇರವಾದ ವಾಕ್ಯ ಯಾವ ಮೇಲಧಿಕಾರಿಗೂ ಹೇಳಿರಲಿಲ್ಲ. ಚಿತ್ರ ಇಳಿಸಿ ಹಿತ್ತಲಿನ ಪಡಸಾಲೆಗೆ ಒಯ್ದು ಚಾಪೆಯ ಮೇಲೆ ಮಲಗಿಸಿದೆವು. ನಾನು ಕನ್ನಡಕ ಸರಿಪಡಿಸಿಕೊಂಡು, ಬ್ಲೇಡು ತೆಗೆದು, ಮೊಣಕಾಲೂರಿದೆ. ಗುರುವಾದವನು ಇಂಥ ಹೊತ್ತಿನಲ್ಲಿ ಮುಂದಾಗಬೇಕು.

“ಸರ,” ಎಂದಳು ಅವಳು, ಮೆಲ್ಲಗೆ. “ನಿಮ್ಮ ಕಣ್ಣು ಮಂಜ ಆಗ್ಯಾವ. ಅಲ್ಲಿ ಕುರ್ಚಿ ಅದ ನೋಡ್ರಿ. ಕೂಡ್ರಿ.”

ಸಾವಿರಾರು ಮಕ್ಕಳಿಗೆ ಕೂಡ್ರಿ ಎಂದು ಹೇಳಿ ಪಿಂಚಣಿ ಪಡೆಯುತ್ತಿರುವ ನಾನು ಹೋಗಿ ಕುಳಿತೆ.

ಅವಳು ಇಳಿದ ಮೇಣವನ್ನು ಕೆರೆದು ತೆಗೆದಳು. ಹೆಬ್ಬೆರಳಿನ ಅಚ್ಚು ಹೋಯಿತು, ಬಾಯಿ ಹೋಯಿತು, ಎಡಗಲ್ಲ ಬರೀ ಹಲಗೆಯಾಯಿತು. ಒಂದೊಂದು ಸಲ ಕೆರೆದಾಗಲೂ ಅವಳ ಆ ಖಾಲಿ ಕೋಣೆಗೆ ಯಾರೋ ಬೀಗ ಹಾಕಿದಂತೆ ನನಗೆ ಅನ್ನಿಸುತ್ತಿತ್ತು. ಚೀಲದಿಂದ ತನ್ನ ಪೆಟ್ಟಿಗೆ ತೆಗೆದು ಇದ್ದಲು ಹೊತ್ತಿಸಿ, ಬಣ್ಣ ಕಾಯಿಸಿ, ಫೋಟೊ ಎದುರಿಗಿಟ್ಟುಕೊಂಡಳು. ನೋಡಿದಳು. ಬಹಳ ಹೊತ್ತು ಕುಂಚ ಅದ್ದಲೇ ಇಲ್ಲ. ಕಡೆಗೆ ಬಾಗಿಲ ಕಡೆ ತಿರುಗಿ, ಮರೆಯಲ್ಲಿದ್ದ ಸೊಸೆಯನ್ನು ಕರೆದಳು.

“ಅಕ್ಕಾ, ಬರ್ರಿ ಇಲ್ಲಿ. ನಿಮ್ಮತ್ತಿ ಖರೇನೂ ಹಿಂಗೇ ಇದ್ರೇನ್ರಿ?”

ಸೊಸೆ ಹೆದರುತ್ತ ಬಂದು ಫೋಟೊ ನೋಡಿದಳು. “ಇಲ್ಲ ಬಿಡ್ರಿ. ಇದ್ರಾಗ ಯಾರೋ ಬ್ಯಾರೇದವರು ಕಂಡಂಗ ಕಾಣ್ತಾರ. ಫೋಟೊದಾವ ಬಾಯಾಗಿನ ಎಲಿ ಉಗುಳ್ರಿ ಅಂದಿದ್ನಂತ. ಉಗುಳಿ ಸಿಟ್ಟಿಲೆ ಕುಂತಾರ.”

“ಯಾವಾಗೂ ಎಲಿ ಹಾಕ್ತಿದ್ರಾ?”

“ಬಾಯಾಗ ಇಲ್ಲದ್ದು ನಾ ನೋಡೇ ಇಲ್ರಿ. ಎಡಗಡಿ ಗಲ್ಲದಾಗ ಇಟ್ಕೊಂಡು ಕೂಡೂರು. ಬೈಯೂದಿದ್ರ ಅದನ್ನ ಬಲಗಡಿಗಿ ಹೊಳ್ಳಿಸ್ಕೋತಿದ್ರು. ಎಲಿ ಬಲಗಡಿ ಹೋತು ಅಂದ್ರ ನಾ ಅಡಗಿ ಮನಿಗಿ ಓಡ್ತಿದ್ದೆ.”

“ಎಡಗಡಿ ಇದ್ರ?”

“ಎಡಗಡಿ ಇದ್ರ ಮನಿ ತಣ್ಣಗ,” ಎಂದು ಸೊಸೆ ಮೊದಲ ಸಲ ನಕ್ಕಳು. ನಕ್ಕು, ಅತ್ತಳು.

ನನ್ನ ಶಿಷ್ಯೆ ಫೋಟೊವನ್ನು ಬೋರಲು ಹಾಕಿದಳು.

ನಾನು ಕುರ್ಚಿಯಿಂದ ಎದ್ದೆ. “ತಂಗಿ, ಫೋಟೊದಾಗ ಇದ್ದಂಗ ಅಂತ ಮಾತಾಗ್ಯಾದ. ಇಲ್ಲದ್ದು ಬರೀಬ್ಯಾಡ. ನಾಳಿಗಿ ನೂರು ಮಂದಿ ಕೂಡ್ತಾರ.”

“ಫೋಟೊದಾಗ ಇದ್ದಂಗ ಬರದಿದ್ದೆ ಅಲ್ರಿ ಸರ,” ಎಂದಳು, ಕುಂಚ ಅದ್ದುತ್ತ. “ಅದು ಹೋತು. ಈಗ ಅವ್ರು ಇದ್ದಂಗ ಬರೀತೇನಿ.”

ಮೇಣಕ್ಕೆ ಒಂದು ಗುಣವಿದೆ. ಪದರದ ಮೇಲೆ ಪದರ ಹಚ್ಚಿದರೆ ಅದು ಕೈಗೆ ಸಿಗುವಂತೆ ಉಬ್ಬುತ್ತದೆ. ಅವಳು ಎಡಗಲ್ಲಕ್ಕೆ ಹಚ್ಚುತ್ತ ಹೋದಳು. ಹಚ್ಚುವುದು, ಪೆಟ್ಟಿಗೆ ತೇಲಿಸುವುದು, ಮತ್ತೆ ಹಚ್ಚುವುದು. ಗೋದಿಯ ಬಣ್ಣ, ಅದರ ಕೆಳಗೆ ಎಲೆಯ ರಸದಂಥ ಕೆಂಪು. ಕಾಯಿಸಿದ ಚಮಚದ ತುದಿಯಿಂದ ತುಟಿಯ ಮೂಲೆ ತಿದ್ದಿದಳು; ನಡುನಡುವೆ ಸೊಸೆಯನ್ನು ಕೇಳುತ್ತಿದ್ದಳು. “ಇಷ್ಟ?” “ಇನ್ನ ಜರಾ ಒಳಗ್ರಿ, ಹಲ್ಲಿನ ಕಡಿ.” “ಈಗ?” “ಹಾಂ… ಈಗ ಎಲಿ ಗಲ್ಲದಾಗ ಇಟ್ಕೊಂಡು ಕುಂತಂಗ ಆಯ್ತು ನೋಡ್ರಿ.” ಇಬ್ಬರೂ ಹಲಗೆಯ ಮೇಲೆ ಬಾಗಿ ಕುಳಿತಿದ್ದರು. ಕಲಾಶಾಲೆಗಳಲ್ಲಿ ರೂಪದರ್ಶಿಯನ್ನು ಎದುರಿಗೆ ಕೂರಿಸಿ ಬರೆಯುವುದನ್ನು ನೋಡಿದ್ದೇನೆ. ಸೊಸೆಯ ಭಯವನ್ನು ಎದುರಿಗೆ ಕೂರಿಸಿಕೊಂಡು ಅತ್ತೆಯನ್ನು ಬರೆದದ್ದನ್ನು ನೋಡಿದ್ದು ಅದೇ ಮೊದಲು. ದನ ಮನೆಗೆ ಬರುವ ಹೊತ್ತಿಗೆ ಕೆಲಸ ಮುಗಿಯಿತು. ಅವಳು ಚಿತ್ರದ ಮೇಲೆ ಬಟ್ಟೆ ಮುಚ್ಚಿ, ಯಜಮಾನರಿಗೂ ತೋರಿಸಲಿಲ್ಲ. “ಆರಬೇಕ್ರಿ,” ಎಂದಳು. ಮೇಣ ಆರಲು ಅಷ್ಟು ಹೊತ್ತು ಬೇಕಿಲ್ಲ. ಅದು ನನಗೆ ಗೊತ್ತು, ಅವಳಿಗೂ ಗೊತ್ತು. ನಾನು ಗಂಭೀರವಾಗಿ ತಲೆಯಾಡಿಸಿದೆ.

ಮರುದಿನ ಚಿತ್ರ ಪರದೆಯ ಹಿಂದೆ ಮತ್ತೆ ಗೋಡೆ ಏರಿತ್ತು, ಪಡಸಾಲೆ ತುಂಬಿತ್ತು. ಜಿಡಗಾದಿಂದ, ಇಜೇರಿಯಿಂದ ಬೀಗರು ಬಂದಿದ್ದರು. ನೆಲೋಗಿಯಿಂದ ತೀರಿದ ಅವ್ವನ ತಂಗಿ ಬಂದಿದ್ದರು. ಎಂಬತ್ತರ ಮುದುಕಿ, ಮುಂದಿನ ಕುರ್ಚಿಯಲ್ಲಿ ಕೋಲು ಹಿಡಿದು ಕುಳಿತಿದ್ದರು. ನನ್ನ ಶಿಷ್ಯೆ ಎಲ್ಲರಿಗಿಂತ ಹಿಂದೆ, ಬಾಗಿಲ ಹತ್ತಿರ, ಚೀಲ ಕೈಯಲ್ಲಿ ಹಿಡಿದೇ ನಿಂತಿದ್ದಳು. ಹೊರಡಲು ತಯಾರಾದವಳಂತೆ. ಊರಿನ ಹಿರಿಯರು ಪರದೆ ಎಳೆದರು.

ವ್ಯಾಪಾರಿಯ ಹುಬ್ಬು ಗಂಟಿಕ್ಕಿತು. ಅವರು ಕೊಟ್ಟ ಫೋಟೊ ಅದಲ್ಲ ಎಂಬುದು ಅವರಿಗೆ ಒಮ್ಮೆಲೇ ತಿಳಿಯಿತು. ನನ್ನ ಕಡೆ ತಿರುಗಿದರು. ನಾನು ಛಾವಣಿಯ ತೊಲೆಗಳನ್ನು ಪರೀಕ್ಷಿಸತೊಡಗಿದೆ.

ಅಷ್ಟರಲ್ಲಿ ಕೋಲು ನೆಲಕ್ಕೆ ಬಿದ್ದ ಸದ್ದಾಯಿತು. ನೆಲೋಗಿಯ ಮುದುಕಿ ಎದ್ದು ನಿಂತಿದ್ದರು.

“ಅಯ್ಯ, ನಮ್ಮಕ್ಕನ ಬಾಯಾಗ ಎಲಿ ಅದ ನೋಡ್ರೇ!”

ಪಡಸಾಲೆಯೆಲ್ಲ ಮುಂದಕ್ಕೆ ಬಾಗಿತು. “ಹೌದಲ್ಲೇ!” “ಎಡಗಡಿ ಅದ, ಎಡಗಡಿ!” “ಹಂಗಾದ್ರ ಇವತ್ತ ಸಿಟ್ಟಿಲ್ಲ ಬಿಡು, ಪಾರಾದ್ವಿ!” ಎಂದು ಯಾರೋ ಗಂಡಸರು ಅಂದರು. ನಗು ಹೊಮ್ಮಿತು. ಪುಣ್ಯಸ್ಮರಣೆಯಲ್ಲಿ ಅಷ್ಟು ಜೋರಾಗಿ ನಗಬಹುದೆಂದು ನನಗೆ ಗೊತ್ತಿರಲಿಲ್ಲ. ಮುದುಕಿ ನಡೆದು ಹೋಗಿ, ಯಾರೂ ತಡೆಯುವುದರೊಳಗೆ, ಚಿತ್ರದ ಉಬ್ಬಿದ ಗಲ್ಲವನ್ನು ಎರಡು ಬೆರಳಿನಿಂದ ಸವರಿದರು. ಮುಟ್ಟತಕ್ಕದ್ದಲ್ಲ ಎಂಬ ಏಳನೆಯ ನಿಯಮವನ್ನು ನಾನು ನೆನಪಿಸಲು ಹೋಗಲಿಲ್ಲ.

ವ್ಯಾಪಾರಿ ಚಿತ್ರದ ಮುಂದೆ ನಿಂತೇ ಇದ್ದರು. ಹುಬ್ಬಿನ ಗಂಟು ಎಲ್ಲಿಗೋ ಹೋಗಿತ್ತು. ಆಮೇಲೆ ಗೂಡಿನಿಂದ ದೀಪವನ್ನು ತಾವೇ ಎತ್ತಿಕೊಂಡು, ಎರಡು ಮಾರು ಆಚೆ ನೆಲದ ಮೇಲಿಟ್ಟು, ಹಿಂದೆ ತಿರುಗಿ ಹುಡುಕಿದರು. “ಎಲ್ಲಿ ಹೋದ್ರಿ ಚಿತ್ರ ಬರದವರು? ಮುಂದ ಬರ್ರಿ, ಇಲ್ಲಿ ಕೂಡ್ರಿ.” ಅವಳಿಗೆ ಅವರು ಬಹುವಚನ ಹಚ್ಚಿದ್ದು ಅದೇ ಮೊದಲು. “ಈ ಎಲಿ ನಿಮಗ್ಯಾರು ಹೇಳಿದ್ರಿ?”

“ನಿಮ್ಮ ಮನಿಯವರ್ರಿ. ಅವ್ರಿಲ್ಲಂದ್ರ ಈ ಚಿತ್ರ ಇಲ್ರಿ,” ಎಂದಳು ಅವಳು. ವ್ಯಾಪಾರಿ ಹೆಂಡತಿಯ ಕಡೆ ನೋಡಿದರು. ನೋಡಿದ ರೀತಿ ಹಿಂದಿನ ದಿನದ್ದಾಗಿರಲಿಲ್ಲ.

ಊಟಕ್ಕೆ ಕುಳಿತಾಗ ನೆಲೋಗಿಯ ಮುದುಕಿ ಅವಳ ಪಕ್ಕಕ್ಕೇ ಬಂದು ಕುಳಿತರು. “ನಂದೂ ಒಂದು ಬರಿ ಯವ್ವಾ. ಸತ್ತ ಮ್ಯಾಲ ಬ್ಯಾಡ, ಈಗೇ ಬರಿ. ಈ ಮಂದಿ ಹೇಳಿದ್ದು ಕೇಳಿ ಬರದಿ ಅಂದ್ರ ನನ್ನ ಹೊಟ್ಟಿಬಾಕಿ ಮಾಡ್ತಾರ.” ಜಿಡಗಾದ ಬೀಗರು ಅವಳ ಫೋನ್ ನಂಬರ್ ಕೇಳಿದರು. ನನ್ನ ನಂಬರನ್ನು ಯಾರೂ ಕೇಳಲಿಲ್ಲ. ಹೋಳಿಗೆ ಮಾತ್ರ ಎರಡು ಹೆಚ್ಚು ಬಡಿಸಿದರು.

ಸಂಜೆ ಕಲಬುರಗಿಯ ಬಸ್ಸು ಹತ್ತಿದೆವು. ಅವಳು ಕಿಟಕಿಯ ಹತ್ತಿರ ಕುಳಿತು, ಪೆಟ್ಟಿಗೆಯ ಚೀಲವನ್ನು ಕಾಲ ಬಳಿ ಇಟ್ಟುಕೊಂಡಳು. ದಾರಿಯುದ್ದಕ್ಕೂ ತೊಗರಿ ಹೊಲಗಳು. ಅವಳು ಬೆರಳಿನ ಸಂದಿಯಲ್ಲಿ ಉಳಿದಿದ್ದ ಕೆಂಪು ಮೇಣವನ್ನು ಉಗುರಿನಿಂದ ತೆಗೆಯುತ್ತಿದ್ದಳು. ಕಂಡಕ್ಟರ್ ಬಂದು ಅವಳ ಗುರುತಿನ ಚೀಟಿ ನೋಡಿ, ಹೆಂಗಸರ ಬಿಟ್ಟಿ ಚೀಟಿ ಹರಿದುಕೊಟ್ಟ. ಕಾಲಿಗೆ ಚೀಲ ತಾಗಿತು.

“ಏನದ ಅಕ್ಕಾ ಇದ್ರಾಗ, ಕಲ್ಲೇನ?”

“ಇಸ್ತ್ರಿ ಪೆಟ್ಟಿಗಿ.”

“ಇಸ್ತ್ರಿ ಅಂಗಡಿ ಅದ ಏನ್ರಿ?”

ಅವಳು ಉಗುರಿನ ಕೆಂಪು ಮೇಣವನ್ನು ನೋಡಿಕೊಂಡಳು.

“ಅಂಗಡಿನೂ ಅದ. ಆದ್ರ ನಾ ಚಿತ್ರ ಬರಿಯಾಕಿ.”

ಕಂಡಕ್ಟರ್ ಇಸ್ತ್ರಿ ಪೆಟ್ಟಿಗೆಗೂ ಚಿತ್ರಕ್ಕೂ ಸಂಬಂಧ ಹುಡುಕುತ್ತ ಸ್ವಲ್ಪ ಹೊತ್ತು ನಿಂತ. ಸಿಗಲಿಲ್ಲವೆಂದು ಕಾಣುತ್ತದೆ, ನನ್ನ ಕಡೆ ತಿರುಗಿದ.

“ಮತ್ತ ನೀವ್ರಿ, ಯಜಮಾನ್ರ?”

“ನಾನು ಇವರ ಜೋಡಿ ಬಂದೇನಿ,” ಎಂದೆ. ಹಿಂದಿನ ಸೀಟಿನವರಿಗೂ ಕೇಳಲಿ ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.